ಪರದೆಯ ಹಿಂದಿನ ತುತ್ತು

ರೊಟ್ಟಿ ಬಡಿಯುವ ಜೈನಬಿಯ ಕೈ ಆರು ಪೆಟ್ಟಿಗೊಮ್ಮೆ ನಿಲ್ಲತೊಡಗಿ ಹದಿನೈದು ದಿನವಾಗಿತ್ತು. ಮೊದಲು ಹಾಗಿರಲಿಲ್ಲ. ಹಿಟ್ಟು ಕೈಗೆ ಬಂತೆಂದರೆ ಕೈ ತನ್ನ ಪಾಡಿಗೆ ಬಡಿಯುತ್ತಿತ್ತು, ತಲೆ ತನ್ನ ಪಾಡಿಗೆ ಎಲ್ಲೋ ತಿರುಗಾಡಿಕೊಂಡಿರುತ್ತಿತ್ತು, ಇಬ್ಬರಿಗೂ ಜಗಳವಿರಲಿಲ್ಲ. ಈಗ ಸೊಯ್, ಎರೆಸ್, ಎಸ್, ಸೋಮೊಸ್, ಸೊಯಿಸ್, ಸೋನ್ ಎಂದು, ಮೂರು ತಿಂಗಳಿಂದ ಕಿವಿಗೆ ಬಿದ್ದ ಪರದೇಶದ ಮಾತಿನ ತಾಳಕ್ಕೆ ಆರು ಪೆಟ್ಟು ಬೀಳುತ್ತಿದ್ದವು, ಕೈ ನಿಲ್ಲುತ್ತಿತ್ತು. ರೊಟ್ಟಿ ಅರ್ಧ ಸುತ್ತು ತಿರುಗಿದ ಮೇಲೆ ಎಸ್ತೊಯ್, ಎಸ್ತಾಸ್, ಎಸ್ತಾ ಎಂದು ಮತ್ತೆ ಆರು. ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಇವತ್ತು ಮಧ್ಯಾಹ್ನ ಮಸೀದಿಯ ಹಿರಿಯ ಹುಸೇನಪೀರರ ಮೊಮ್ಮಗಳು ಮುಮ್ತಾಜಳ ಆಮೀನು. ನಾಲ್ಕು ವರ್ಷ ಜೈನಬಿಯ ಪಡಸಾಲೆಯಲ್ಲಿ ಕೂತು ಅರಬ್ಬಿ ಓದು ಮುಗಿಸಿದ ಹುಡುಗಿ ಇವತ್ತು ನೆಂಟರ ಮುಂದೆ ಅದನ್ನು ಬಾಯಿಂದ ಒಪ್ಪಿಸಬೇಕು. ಅವಳು ಎಲ್ಲಾದರೂ ತಡವರಿಸಿದರೆ ಪರದೆಯ ಹಿಂದಿನಿಂದ ಮುಂದಿನ ಮಾತನ್ನು ಎತ್ತಿಕೊಡುವುದು ಕಲಿಸಿದವಳ ಕೆಲಸ. ಅದಕ್ಕೆ ಲುಕ್ಮಾ ಎನ್ನುತ್ತಾರೆ, ಎಂದರೆ ತುತ್ತು. ಹತ್ತು ವರ್ಷಗಳಲ್ಲಿ ಜೈನಬಿ ಒಬ್ಬ ಹುಡುಗಿಯ ಬಾಯಿಗೂ ತಪ್ಪು ತುತ್ತು ಇಟ್ಟಿರಲಿಲ್ಲ. ಇವತ್ತು ಮಾತ್ರ ತನ್ನ ಬಾಯಿಯ ಮೇಲೆ ತನಗೇ ನಂಬಿಕೆಯಿರಲಿಲ್ಲ. ತುಂಬಿದ ಕೊಡ ಹೊತ್ತು ಜಾರುವ ಮೆಟ್ಟಿಲು ಇಳಿಯುವವಳಂತೆ ಬೆಳಗಿನಿಂದ ತಲೆಯನ್ನು ಅಲುಗಿಸದೆ ಓಡಾಡುತ್ತಿದ್ದಳು.

“ಆಪಾ, ರೊಟ್ಟಿ ಬಡ್ಯಾಕತ್ತೀಯೊ ಕರಡಿ ಕುಣಿಸಾಕತ್ತೀಯೊ?” ಎಂದ ತಮ್ಮ ಬಾಬುಸಾಬ, ಹೊಸ್ತಿಲಲ್ಲಿ ಕೂತು ಪಟಕಾ ಸುತ್ತಿಕೊಳ್ಳುತ್ತ. ಸ್ಟೇಶನ್ನಿನ ಬಂಗ್ಲೆಯಲ್ಲಿ ರೇಲ್ವೆ ಸಾಹೇಬರ ಅಡಿಗೆಯವನು ಅವನು.

“ತಿನ್ನಾಂವ ತಿಂದು ನಡಿ.”

“ತಿಂತೇನಿ. ಇದು ಯಾವ ದೇಶದ ರೊಟ್ಟಿ ಅಂತ ಹೇಳು. ಅರ್ಜಂಟ ದೇಶದ್ದೇನು?”

ಸಾಹೇಬರಿಗೆ ವರ್ಗವಾಗಿದ್ದ ದೇಶದ ಹೆಸರು ಅರ್ಜೆಂಟೀನಾ. ಸಮುದ್ರದ ಆಚೆ, ಅದರಾಚೆ ಇನ್ನೊಂದು ಸಮುದ್ರ, ಅದರ ದಂಡೆಗೆ ಇರುವ ದೇಶ. ಅಲ್ಲಿಯೂ ಇಂಗ್ಲಿಷರೇ ರೈಲು ಹಾಕುತ್ತಾರಂತೆ, ಆದರೆ ಜನ ಮಾತಾಡುವುದು ಸ್ಪ್ಯಾನಿಶ್ ಎಂಬ ಮಾತು. ತಾರು ಕಚೇರಿಯ ಸಹವಾಸ ಮಾಡಿದ ಬಾಬುಸಾಬನ ಬಾಯಲ್ಲಿ ಅದು ಅರ್ಜಂಟ ದೇಶವಾಗಿತ್ತು. ಅಲ್ಲಿ ಎಲ್ಲರೂ ಓಡುತ್ತಲೇ ಉಣ್ಣುತ್ತಾರೆಂದು ಅವನು ಪೇಟೆಯಲ್ಲೆಲ್ಲ ಹೇಳಿದ್ದ.

“ಅಂದಂಗ, ಮೇಮಸಾಬ್ರೂ ಬರ್ತಾರಂತ ಆಮೀನಿಗೆ. ಮುಮ್ತಾಜನ ತಾಯಿ ಕಾಸಿಂಬಿ ಕರದಾಳ.”

ಜೈನಬಿಯ ಕೈ ನಾಲ್ಕಕ್ಕೇ ನಿಂತಿತು. ರೊಟ್ಟಿಯ ಅಂಚು ಒಡೆಯಿತು.

“ಯಾಕ?”

“ಯಾಕಂದ್ರ? ಬಾಗಲಕೋಟ್ಯಾಗ ಯಾರ ಮನಿ ಆಮೀನಿಗೂ ಮೇಮಸಾಬ ಬಂದಿಲ್ಲ, ಅದಕ್ಕ. ಕುಂಡ್ರಸಾಕ ಕುರ್ಚಿ ಸುದ್ದಾ ಇಲ್ಲ ಅವ್ರ ಮನ್ಯಾಗ. ಬಂಗ್ಲೇದ್ದ ತಂದು ಹಾಕು ಅಂತ ನನಗ ಹೇಳ್ಯಾಳ. ಆಕಿನ್ನ ಕುಂಡ್ರಸಾಕ ಆಕೀದ ಕುರ್ಚಿ ಹೊತ್ಕೊಂಡು ನಾ ಮುಂದ, ಆಕಿ ಹಿಂದ!”

ಅವನು ಹೋದ ಮೇಲೂ ಒಡೆದ ಅಂಚನ್ನು ಕೂಡಿಸುತ್ತ ಕೂತಳು. ಮೂರು ತಿಂಗಳ ಹಿಂದೆ ಎಲ್ಲವನ್ನೂ ಶುರುಮಾಡಿದವನು ಇವನೇ. ಮೇಮಸಾಬ ವರಾಂಡದಲ್ಲಿ ಪುಸ್ತಕ ಹಿಡಿದು ಅತ್ತಿಂದಿತ್ತ ಓಡಾಡುತ್ತ, ಓದಿದ್ದು ತಲೆಯಲ್ಲಿ ನಿಲ್ಲದೆ ಪುಸ್ತಕವನ್ನು ಬಡಿಗೆಯಂತೆ ಕಂಬಕ್ಕೆ ಹೊಡೆಯುತ್ತಿದ್ದಾಗ, ಇವನು ಚಹಾ ಇಡಲು ಹೋದವನು ಸುಮ್ಮನೆ ಬರಲಿಲ್ಲ. ನಮ್ಮ ಅಕ್ಕ ಎಂಟು ವರ್ಷದ ಹುಡುಗಿಯರಿಗೆ ಒಂದಕ್ಷರ ಅರ್ಥವಾಗದ ಮಾತನ್ನು ಪುಸ್ತಕದ ತುಂಬ ಬಾಯಿಪಾಠ ಮಾಡಿಸುತ್ತಾಳೆ, ನೀವು ಎಷ್ಟರವರು ಎಂದನಂತೆ. ಕೊನೆಯ ಮಾತು ಆಡಿರಲಾರ. ಆದರೆ ಮೇಮಸಾಬ ಕರೆಸಿದಳು. ಜೈನಬಿ ಬುರ್ಖಾದೊಳಗೆ ಬೆವರುತ್ತ ಹಿತ್ತಿಲ ಬಾಗಿಲಿನಿಂದ ಹೋಗಿ ನಿಂತಾಗ ಎತ್ತರದ, ಮೂಗು ಸುಲಿದ, ಕೆಂಪು ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ “ಕೂಡು. ಕೇಳು. ನಗು ಬೇಡ” ಎಂದಿದ್ದಳು. ಮೂರು ವರ್ಷ ಈ ಸೀಮೆಯಲ್ಲಿದ್ದು ಮೇಮಸಾಬ ಕಲಿತ ಕನ್ನಡ, ಹಿಂದೂಸ್ತಾನಿ ಎಲ್ಲ ಆಳುಗಳಿಗೆ ಹೇಳಿ ಹೇಳಿ ಕಲಿತದ್ದು. ತಾ, ಇಡು, ತೊಳೆ, ತೆಗೆ, ನಡೆ. ಅದರಲ್ಲಿ ಬರೀ ಅಪ್ಪಣೆಗಳಿದ್ದವು, ಒಂದು ಪ್ರಶ್ನೆಯಾಗಲಿ ಒಂದು ನಿಟ್ಟುಸಿರಾಗಲಿ ಇರಲಿಲ್ಲ. ಈ ನಾಲಗೆಯಿಂದ ಈಕೆ ಗಂಡನ ಹತ್ತಿರ ಏನು ಮಾತಾಡುತ್ತಾಳೋ ಎಂದು ಜೈನಬಿಗೆ ಅನ್ನಿಸಿತ್ತು. ಆಮೇಲೆ ನೆನಪಾಯಿತು, ಗಂಡನ ಹತ್ತಿರ ಮಾತಾಡಲು ಅವಳಿಗೆ ಬೇರೆ ಭಾಷೆಯೇ ಇದೆ. ತನಗೆ ಮಾತ್ರ ಗಂಡನ ಹತ್ತಿರ ಆಡಲು ಯಾವ ಭಾಷೆಯೂ ಇರಲಿಲ್ಲ.

ಕಲಿಸುವುದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಕುರ್ಚಿ ಬಿಡಿಸಿ ಚಾಪೆಯ ಮೇಲೆ ಕೂರಿಸಿದಳು. ಮೊದಲು ಮೇಮಸಾಬ ಪುಸ್ತಕ ನೋಡಿ ಜೋರಾಗಿ ಓದಬೇಕು. ಜೈನಬಿ ಕಣ್ಣು ಮುಚ್ಚಿ ಕೇಳುತ್ತಾಳೆ. ಎರಡು ಸಲ ಕೇಳಿದರೆ ಅವಳ ಕಿವಿಗೆ ಸಾಕು, ಇಪ್ಪತ್ತೈದು ವರ್ಷದಿಂದ ಅರ್ಥವಿಲ್ಲದೆ ಹೊತ್ತು ಪಳಗಿದ ಕಿವಿ ಅದು. ಆಮೇಲೆ ಪುಸ್ತಕ ಮುಚ್ಚಬೇಕು, ಹಿಂದೆ ಮುಂದೆ ತೂಗಬೇಕು, ತೂಗುತ್ತ ಒಪ್ಪಿಸಬೇಕು. ತಪ್ಪಿದರೆ ಬೆರಳಗಂಟಿನಿಂದ ನೆಲಕ್ಕೆ ಒಂದು ಪೆಟ್ಟು. ಟಕ್ ಎಂದರೆ, ನಿನ್ನ ಸರದಿ, ಮೊದಲಿನಿಂದ ಹೇಳು. ಮೊದಮೊದಲು ಮೇಮಸಾಬ ತೂಗಲು ಒಪ್ಪಲಿಲ್ಲ. ತೂಗದೆ ಹೇಳಿದ್ದು ಮೂರು ದಿನಕ್ಕೆ ಉದುರಿತು. ನಾಲ್ಕನೆಯ ದಿನ ತಾನಾಗಿ ತೂಗತೊಡಗಿದಳು. ಉದ್ದ ಬೆನ್ನು, ಬಿಗಿದ ಒಳಕಟ್ಟು ಬೇರೆ. ಹಡಗು ಅಲೆಗೆ ಬಿದ್ದಂತೆ ತೂಗುತ್ತಿದ್ದಳು. ಒಂದು ಸಂಜೆ ಸಾಹೇಬ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಏನೂ ಹೇಳದೆ ಹೋಗಿ, ಹೆಂಡತಿಗೆಂದು ಚಳಿಜ್ವರದ ಕೊಯಿನಾ ಗುಳಿಗೆ ಕಳಿಸಿಕೊಟ್ಟ.

ತೂಗುವುದು ಸುಲಭ, ತಿಳಿಯುವುದೇ ಮೇಮಸಾಬಳಿಗೆ ಕಷ್ಟ. ಮೇಜು ಹೆಣ್ಣಂತೆ, ಕುರ್ಚಿ ಹೆಣ್ಣಂತೆ, ಬಾಗಿಲು ಕೂಡ ಹೆಣ್ಣಂತೆ, ಇದೆಂಥ ಹುಚ್ಚು ಎಂದು ಪುಸ್ತಕವನ್ನು ಚಾಪೆಗೆ ಒಗೆದಳು. ಮನೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ ಆಡಿ ಬೆಳೆದ ಜೈನಬಿಗೆ ಅದರಲ್ಲಿ ಹುಚ್ಚೇನೂ ಕಾಣಲಿಲ್ಲ. “ಮತ್ತ ಮೇಜು ಹೆಣ್ಣಽ ಅಲ್ಲೇನ್ರಿ? ನಾಕು ಕಾಲ ಮ್ಯಾಲ ನಿಂತು ಎಲ್ಲಾರ್ದೂ ಹೊತ್ಕೊಂಡಿರ್ತದ, ಒಂದ ಮಾತ ಆಡೂದಿಲ್ಲ” ಎಂದಳು. ದೊಡ್ಡವರಿಗೊಂದು ನೀವು, ಸಲಿಗೆಗೊಂದು ನೀನು ಎಂಬುದಕ್ಕೆ ಎರಡು ದಿನ ಹಿಡಿಯಿತು. ಮಾವಿನಹಣ್ಣು ಇಷ್ಟ ಎಂದು ಹೇಳುವುದಕ್ಕೆ ಒಂದು ವಾರ. ಇಂಗ್ಲಿಷಿನಲ್ಲಿ ಮನುಷ್ಯನೇ ಹಣ್ಣನ್ನು ಮೆಚ್ಚುತ್ತಾನೆ; ಈ ಹಾಳು ಮಾತಿನಲ್ಲಿ ಹಣ್ಣೇ ಏನೋ ಮಾಡುತ್ತದೆ, ಮನುಷ್ಯ ಸುಮ್ಮನೆ ಕೂತಿರುತ್ತಾನೆ ಎಂದು ಮೇಮಸಾಬ ಕೈ ಬಾಯಿ ತಿರುಗಿಸಿ ತಿಳಿಸಿದಳು. ಜೈನಬಿ ಅವಳನ್ನು ಕನಿಕರದಿಂದ ನೋಡಿದಳು. “ಹಣ್ಣು ನಮಗ ಸೇರೂದು ನಮ್ಮ ಕೈಯಾಗ ಐತೇನ್ರಿ ಮೇಮಸಾಬ? ಸೇರಬೇಕಂದ್ರ ಸೇರತೈತಿ. ಸಿಟ್ಟು ಬರತೈತಿ, ನಿದ್ದಿ ಬರತೈತಿ, ನೆನಪು ಬರತೈತಿ. ಅವೆಲ್ಲಾ ಬರೂ ಮಂದಿ. ನಾವು ಬಾಗ್ಲಾ ತಗ್ಯಾವ್ರು ಅಷ್ಟ.” ಆಳುಗಳು ನಿದ್ದೆ ಬಂತು, ಮರೆವು ಬಂತು ಎಂದಾಗಲೆಲ್ಲ ಮೂರು ವರ್ಷ ಬೈದಿದ್ದ ಮೇಮಸಾಬಳಿಗೆ ಅವರು ಹಾಗೆನ್ನುವ ಕಾರಣ ಈಗ ಸಿಕ್ಕಂತಿತ್ತು.

ಆ ದಿನ ಮನೆಗೆ ಬರುವಾಗ ಜೈನಬಿಯ ಕಾಲು ನೆಲದ ಮೇಲಿರಲಿಲ್ಲ. ಓದುಬರಹ ಬಲ್ಲ ಬಿಳಿಯ ಹೆಂಗಸಿಗೆ ತಿಳಿಯದ್ದು ತನಗೆ ತಿಳಿಯುತ್ತದೆ. ಮಸೀದಿಯ ಹಿಂದಿನ ಓಣಿಗೆ ತಿರುಗುವಷ್ಟರಲ್ಲಿ ಆ ಖುಷಿ ಹುಳಿಯಾಯಿತು. ಅರಬ್ಬಿ ಓದು ಅವಳ ಬಾಯಲ್ಲಿ ಮೊದಲಿನಿಂದ ಕೊನೆಯವರೆಗೆ ಇದೆ. ನಿದ್ದೆಯಲ್ಲಿ ಎಬ್ಬಿಸಿ ಯಾವ ಸಾಲು ಕೇಳಿದರೂ ಮುಂದಿನದು ಬರುತ್ತದೆ. ಅದರಲ್ಲಿ ಏನಿದೆಯೆಂದು ಮಾತ್ರ ಅವಳಿಗೆ ಗೊತ್ತಿಲ್ಲ. ಅವಳಿಗೆ ಕಲಿಸಿದ ಅಜ್ಜಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಇಷ್ಟು ವರ್ಷ ಒಂದು ಕೊರತೆಯೆನ್ನಿಸಿರಲೇ ಇಲ್ಲ. ನೀರು ಎಲ್ಲಿಂದ ಬಂತೆಂದು ಕೇಳಿ ಯಾರೂ ಕುಡಿಯುವುದಿಲ್ಲ. ಈಗ ಎಲ್ಲಿಯದೋ ಊರಿನ, ಮಾಲಿಯ ಚಿಕ್ಕಮ್ಮ ತೋಟದಲ್ಲಿದ್ದಾಳೆ, ಡಾಕ್ಟರನ ಟೋಪಿ ಮೇಜಿನ ಮೇಲಿದೆ ಎಂಬಂಥ ಕೆಲಸಕ್ಕೆ ಬಾರದ ಮಾತುಗಳ ಅರ್ಥಗಳೆಲ್ಲ ತಲೆಯಲ್ಲಿ ಗೂಡು ಕಟ್ಟುತ್ತಿದ್ದವು. ದೇವರ ಮಾತಿನ ಅರ್ಥ ಗೊತ್ತಿಲ್ಲ, ಡಾಕ್ಟರನ ಟೋಪಿ ಎಲ್ಲಿದೆಯೆಂದು ಗೊತ್ತಿದೆ. ಮೇಲಾಗಿ ಎರಡು ವರ್ಷದ ಹಿಂದೆ ಮುಮ್ತಾಜ, ಆಗ ಏಳು ವರ್ಷದವಳು, ಓದುವುದನ್ನು ನಿಲ್ಲಿಸಿ “ಖಾಲಾ, ಹಂಗಂದ್ರ ಏನ್ರಿ?” ಎಂದು ಕೇಳಿದ್ದಳು. ಜೈನಬಿ ಬೆತ್ತದಿಂದ ಅವಳ ಮೊಣಕಾಲಿಗೆ ಕೊಟ್ಟಿದ್ದಳು. ಮೆಲ್ಲಗೇ ಕೊಟ್ಟದ್ದು. ಹುಡುಗಿ ಮತ್ತೆ ಕೇಳಲಿಲ್ಲ. ಇನ್ನುಳಿದ ಹುಡುಗಿಯರೂ ಕೇಳಲಿಲ್ಲ.

ಎಲ್ಲಕ್ಕಿಂತ ಗೋಜಲು ಆ ಎರಡು ಇರುವಿಕೆಗಳದು. ಈ ಸ್ಪ್ಯಾನಿಶ್ ಮಂದಿಗೆ ಬಾಳೆಲ್ಲ ಹಾಗೇ ಇರುವುದಕ್ಕೊಂದು ಮಾತು, ಸದ್ಯಕ್ಕೆ ಹಾಗಿರುವುದಕ್ಕೆ ಇನ್ನೊಂದು. ಇಂಗ್ಲಿಷ್ ಹೆಂಗಸಾಗಿರುವುದು ಸೊಯ್, ದಣಿದಿರುವುದು ಎಸ್ತೊಯ್. ಅಷ್ಟರ ಮಟ್ಟಿಗೆ ಮೇಮಸಾಬ ಒಪ್ಪಿದಳು. ಆದರೆ ಸತ್ತವನಿಗೆ ಪುಸ್ತಕ ಸದ್ಯದ ಮಾತನ್ನೇ ಹಾಕಿತ್ತು. “ಸತ್ತ ಮನುಷ್ಯ!” ಎಂದು ಮೇಮಸಾಬ ಕಿರುಚಿದಳು. “ಏಳು ಇಲ್ಲ! ನಡೆ ಇಲ್ಲ! ಯಾವಾಗಲೂ ಸತ್ತ! ಪುಸ್ತಕ ತಪ್ಪು.” ಜೈನಬಿ ಯೋಚಿಸಿಯೂ ನೋಡಲಿಲ್ಲ. “ಪುಸ್ತಕ ಬರೋಬರಿ ಐತಲ್ರಿ. ಕಯಾಮತ್ತಿನ ದಿನಾ ಎಲ್ಲಾರೂ ಏಳೋರ ಇದ್ದಾರ. ಅಲ್ಲೀತನಕ ಸತ್ತಿರ್ತಾರ ಅಷ್ಟ” ಎಂದಳು. ಹೇಳಿದ ಮೇಲೆಯೇ ತನಗೆ ಹೊಳೆಯಿತು. ಪ್ಲೇಗಿನ ವರ್ಷ ಊರ ಹೊರಗಿನ ಗುಡಿಸಲಲ್ಲಿ ಕಣ್ಣು ಮುಚ್ಚಿದ ಗಂಡ ಸುಭಾನಸಾಬ ಸದ್ಯಕ್ಕೆ ಸತ್ತಿದ್ದಾನೆ. ಟಾಂಗಾ ಹೊಡೆಯುತ್ತಿದ್ದ; ಕುದುರೆಯ ಹತ್ತಿರ ದಿನವೆಲ್ಲ ಮಾತಾಡಿ ಮನೆಗೆ ಬರುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಹೆಂಡತಿ ದನಿಯೆತ್ತಿ ಓದಿದರೆ ಕೆಮ್ಮುತ್ತಿದ್ದ. ಅವನು ಹೋದ ಮೇಲೆಯೇ ಅವಳ ಪಡಸಾಲೆಗೆ ಹುಡುಗಿಯರು ಬಂದದ್ದು, ಅವಳಿಗೆ ದನಿ ಬಂದದ್ದು. ಒಂದು ದಿನ ಎದ್ದು ಬಂದು ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಾನೆ. ಹಾಗಾದರೆ ತಾನು ವಿಧವೆಯಾಗಿರುವುದು ಸೊಯ್ ಏನು, ಎಸ್ತೊಯ್ ಏನು? ಮೇಮಸಾಬಳನ್ನು ಕೇಳಲು ಬಾಯಿ ತೆರೆದು ಮುಚ್ಚಿದ್ದಳು. ಆಮೇಲೆ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಬೆನ್ನು ನೆಟ್ಟಗಾಗುತ್ತಿತ್ತು.

ಹಣ್ಣುಗಳ ಹೆಸರು ಬಂದ ದಿನ ಮೇಮಸಾಬ ಓದುತ್ತ ಓದುತ್ತ ಅಸೆಯ್ತೂನಾ ಎಂಬ ಮಾತಿಗೆ ಬಂದಳು. ಜೈನಬಿ ತೂಗುವುದನ್ನು ನಿಲ್ಲಿಸಿದಳು. ಮೂಗು ಬೇರೆ, ಬಾಲ ಬೇರೆ, ಆದರೆ ನಡುವಿನದು ತನ್ನ ಅರಬ್ಬಿ ಓದಿನ ಝೈತೂನವೇ. ದೇವರು ತಾನೇ ಆಣೆಯಿಟ್ಟು ಹೇಳಿದ ಹಣ್ಣು, ಅಷ್ಟು ಮಾತ್ರ ಅಜ್ಜಿ ಹೇಳಿದ್ದಳು. ಅರಬರು ಎಂಟುನೂರು ವರ್ಷ ಆ ದೇಶದಲ್ಲಿದ್ದರು, ಮಾತು ಬಿಟ್ಟು ಹೋದರು ಎಂದು ಮೇಮಸಾಬ ಹೇಗೋ ತಿಳಿಸಿ, ಎದ್ದು ಕಪಾಟಿನಿಂದ ಒಂದು ಆಲಿವ್ ಬಾಟಲಿ ತಂದು “ತಿನ್ನು” ಎಂದಳು. ಜೈನಬಿ ಆ ಹಣ್ಣನ್ನು ಮನಸ್ಸಿನಲ್ಲಿ ಪೇರಲಹಣ್ಣಿನಷ್ಟು ದೊಡ್ಡದು ಮಾಡಿ, ಬಂಗಾರದ ಬಣ್ಣ ಹಚ್ಚಿ, ಜೇನು ತುಂಬಿಟ್ಟಿದ್ದಳು. ಬಾಟಲಿಯಲ್ಲಿದ್ದದ್ದು ಬಾಡಿದ ಹಸಿರು ಗುಂಡು. ಬಿಸ್ಮಿಲ್ಲಾ ಎಂದು ಬಾಯಿಗಿಟ್ಟಳು. ಮುಗ್ಗಿದ ಉಪ್ಪಿನಕಾಯಿಯ ತಳದ ರುಚಿ. ಉಗುಳುವ ಹಾಗಿಲ್ಲ, ಅದು ಅಂಥಿಂಥ ಹಣ್ಣಲ್ಲ. ನುಂಗಲು ಗಂಟಲು ಒಪ್ಪುತ್ತಿಲ್ಲ. ಎದುರಿಗೆ ಮೇಮಸಾಬ ಮಾಸ್ತರನಂತೆ ಮುಖವನ್ನೇ ನೋಡುತ್ತಿದ್ದಾಳೆ. ಕಣ್ಣಲ್ಲಿ ನೀರು ಬಂತು. ಮೇಮಸಾಬ ಅದನ್ನು ಭಕ್ತಿಯೆಂದುಕೊಂಡು ತಾನೂ ಗಂಭೀರಳಾದಳು. ಕಡೆಗೆ ನುಂಗಿದಳು. ಬೀಜವನ್ನು ಬೆರಳಲ್ಲಿ ಮರೆಮಾಡಿ ತಂದು ಸೆರಗಿನ ತುದಿಗೆ ಗಂಟು ಹಾಕಿದಳು. ಎಸೆಯಲು ಧೈರ್ಯ ಬಾರದೆ ಈವತ್ತಿನವರೆಗೂ ಅದನ್ನು ಒಂದು ಸೀರೆಯಿಂದ ಇನ್ನೊಂದು ಸೀರೆಗೆ ದಾಟಿಸುತ್ತಲೇ ಇದ್ದಳು. ಹಣ್ಣು ಹೀಗಿದ್ದೀತೆಂದು ಗೊತ್ತಿಲ್ಲದಿದ್ದಾಗಲೇ ಚೆನ್ನಾಗಿತ್ತು ಎನ್ನಿಸಿತು. ಗೊತ್ತಾದದ್ದೇ ಚೆನ್ನಾಯಿತು ಎಂದೂ ಅನ್ನಿಸಿತು. ಯಾವುದು ಸದ್ಯದ್ದು ಯಾವುದು ಎಂದೆಂದಿನದು ಎಂಬುದು ಮಾತ್ರ ಬಗೆಹರಿಯಲಿಲ್ಲ.

ಇಷ್ಟರಲ್ಲಿ ಓಣಿಗೆ ಸುದ್ದಿಯಾಗಿತ್ತು. ಜೈನಬಿ ಬಂಗ್ಲೆಯಲ್ಲೂ ಪಾಠ, ಸಬಕ ಹೇಳಿಸುತ್ತಾಳಂತೆ, ಮೇಮು ತೂಗುತ್ತದಂತೆ. ಎಂಟು ದಿನದ ಹಿಂದೆ ಹುಸೇನಪೀರರು ಕರೆಸಿದ್ದರು. ಮಸೀದಿಯ ಎಲ್ಲ ಮಾತೂ ಅವರ ಗಡ್ಡವನ್ನು ದಾಟಿಯೇ ಹೋಗಬೇಕು. ತಾವು ಹೊರಗೆ ಮಂಚದ ಮೇಲೆ, ಇವಳು ಬಾಗಿಲ ಮರೆಯಲ್ಲಿ.

“ಜೈನಬಿ, ಒಂದ ಬಾಯಾಗ ಎರಡು ಓದು ಕೂಡ್ತಾವೇನವಾ?”

ಜೈನಬಿ ಸೆರಗಿನ ತುದಿಯ ಗಂಟನ್ನು ಮುಟ್ಟಿ ನೋಡಿಕೊಂಡಳು.

“ನಾ ಏನೂ ಅನ್ನೂದಿಲ್ಲ. ಮಂದಿ ಅಂತಾರ. ಕಮತಗಿಯಿಂದ ಮುಲ್ಲಾ ಒಬ್ರು ಬರ್ತೇನಿ ಅಂದಾರ, ಹುಡುಗೂರು ಹುಡಿಗ್ಯಾರು ಎಲ್ಲಾರ್ನೂ ಒಂದ ಕಡೆ ಕೂಡಿಸಿ ಓದಸ್ತಾರಂತ. ನಮ್ಮ ಮುಮ್ತಾಜಂದು ಆಮೀನು ಆಗ್ಲಿ. ಹುಡುಗಿ ಬಾಯಿ ಹೆಂಗೈತಿ ನೋಡೂನು. ನೋಡಿ ಹೇಳೂನು.”

ಎಂದರೆ, ಇವತ್ತು ಓದು ಸರಿಯಾದರೆ ಹನ್ನೆರಡು ಹುಡುಗಿಯರು ಅವಳ ಪಡಸಾಲೆಯಲ್ಲಿ ಉಳಿಯುತ್ತಾರೆ. ಇಲ್ಲದಿದ್ದರೆ ನಾಳೆಯಿಂದ ಪಡಸಾಲೆಯಲ್ಲಿ ಅವಳು ಮತ್ತು ಸುಭಾನಸಾಬನ ಕೆಮ್ಮು.

ಹುಸೇನಪೀರರ ಮನೆಯ ನಡುಕೋಣೆಗೆ ಅಡ್ಡವಾಗಿ ಜಮಖಾನೆ ಕಟ್ಟಿದ್ದರು. ಅದರ ಆಚೆ ಗಂಡಸರು, ಈಚೆ ಹೆಂಗಸರು. ಜಮಖಾನೆಗೆ ಆತುಕೊಂಡು, ಹೊಸ ಓಢಣಿಯೊಳಗೆ ಮೂಗಷ್ಟೇ ಕಾಣುವಂತೆ ಮುಮ್ತಾಜ ಕೂತಿದ್ದಳು. ಅವಳ ಬೆನ್ನಿಗೆ ಜೈನಬಿ. ಕಾಸಿಂಬಿ ತನ್ನ ಮದುವೆಯ ಶಾಲನ್ನು ಬಂಗ್ಲೆಯ ಕುರ್ಚಿಗೆ ಹೊದಿಸಿ, ಅದರ ಪಕ್ಕದಲ್ಲಿ ತಾನು ಕಾವಲು ನಿಂತಿದ್ದಳು. ಮೇಮಸಾಬ ಬಂದಳು, ಬಾಗಿಲಿಗೆ ಟೋಪಿ ತಗುಲಿಸಿಕೊಂಡಳು, ಕುರ್ಚಿಯನ್ನು ನೋಡಿದಳು, ಜೈನಬಿಯನ್ನು ನೋಡಿದಳು. ಸೀದಾ ಬಂದು ಮಡಿಸಲಾರದ ಕಾಲುಗಳನ್ನು ಮಡಿಸಿ ಜೈನಬಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಸಬಕಿಗೆ ಕೂರುವುದೆಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಶಾಲು ಹೊದ್ದ ಕುರ್ಚಿ ಇನ್ನೊಬ್ಬ ಅತ್ತೆಯ ಹಾಗೆ ಸಿಟ್ಟಿನಿಂದ ಕೂತೇ ಇತ್ತು.

“ನೆಲದ ಮ್ಯಾಲ ಕುಂಡ್ರಾಕ ಕುರ್ಚಿ ಯಾಕ ತರಿಸಿದ್ವಿ!” ಎಂದಳು ಕಾಸಿಂಬಿ ಜೈನಬಿಯ ಕಿವಿಯ ಹತ್ತಿರ, ತಪ್ಪು ಜೈನಬಿಯದೇ ಎನ್ನುವಂತೆ.

ಮುಮ್ತಾಜ ಓದತೊಡಗಿದಳು. ಒಳ್ಳೆಯ ಬಾಯಿ. ದನಿ ಜಮಖಾನೆಯನ್ನು ದಾಟಿ ಗಂಡಸರ ಕೆಮ್ಮು, ಬೀಸಣಿಗೆ ಎಲ್ಲವನ್ನೂ ನಿಲ್ಲಿಸಿತು. ಜೈನಬಿಯ ತುಟಿ ಸದ್ದಿಲ್ಲದೆ ಅವಳ ಜೊತೆಗೇ ಹೋಗುತ್ತಿತ್ತು. ಎಲ್ಲ ಇದ್ದಲ್ಲೇ ಇತ್ತು. ಒಂದೊಂದು ಮಾತೂ ತನ್ನ ಮೊಳೆಗೆ ನೇತುಹಾಕಿದ ಅಂಗಿಯಂತೆ ಕಾದಿತ್ತು. ಸುಮ್ಮನೆ ಹೆದರಿದೆ ಎಂದುಕೊಂಡಳು. ಪಕ್ಕದಲ್ಲಿ ಮೇಮಸಾಬ ತೂಗುತ್ತಿದ್ದಳು. ಅವಳ ಉದ್ದ ಬೆನ್ನು ಮುಂದೆ ಬಂದಾಗ ಸಾಬೂನಿನ ವಾಸನೆ, ಹಿಂದೆ ಹೋದಾಗ ಕುರ್ಮದ ವಾಸನೆ. ಸಾಬೂನು, ಕುರ್ಮ. ಸಾಬೂನು, ಕುರ್ಮ. ಮುಂದೆ ಆ ಜಾಗ ಬರುತ್ತದೆ ಎಂದು ಜೈನಬಿಗೆ ಗೊತ್ತಿತ್ತು. ಒಂದೇ ಥರದ ಸಾಲು ಎರಡು ಕಡೆ ಇದೆ. ಎರಡನೆಯ ಸಲ ಬಂದಾಗ ಬೇರೆ ದಾರಿ ಹಿಡಿಯಬೇಕು, ಇಲ್ಲದಿದ್ದರೆ ಓದು ಬಂದ ದಾರಿಗೇ ತಿರುಗಿ ಗಾಣದ ಎತ್ತಿನಂತೆ ಸುತ್ತುತ್ತದೆ. ಮುಮ್ತಾಜ ಯಾವಾಗಲೂ ಅಲ್ಲಿ ನಿಲ್ಲುತ್ತಿದ್ದಳು. ಯಾವಾಗಲೂ ಜೈನಬಿ ಒಂದು ಮಾತು ಕೊಡುತ್ತಿದ್ದಳು. ದಿನಕ್ಕೊಮ್ಮೆ ಕೊಟ್ಟ ಮಾತು.

ಮುಮ್ತಾಜ ನಿಂತಳು.

ಜೈನಬಿ ಬಾಯಿ ತೆರೆದಳು. ನಾಲಗೆಯ ತುದಿಯಲ್ಲಿ ಎಸ್ತೊಯ್ ಕೂತಿತ್ತು. ಅದರ ಹಿಂದೆ ಎಸ್ತಾಸ್, ಅದರ ಹಿಂದೆ ಎಸ್ತಾ, ಆರೂ ಜನ ಸಾಲುಗಟ್ಟಿ, ಹಬ್ಬಕ್ಕೆ ಬಂದವರ ಹಾಗೆ. ಹಲ್ಲು ಕಚ್ಚಿದಳು. ಅವರ ಬೆನ್ನ ಹಿಂದೆ ಎಲ್ಲಾದರೂ ಆ ಇನ್ನೊಂದು ಮಾತು ಇದೆಯೇ ಎಂದು ಹಣಕಿದಳು. ಮೊಳೆ ಇತ್ತು, ಅಂಗಿ ಇರಲಿಲ್ಲ. ತಲೆಯಲ್ಲಿ ಡಾಕ್ಟರನ ಟೋಪಿ ಮೇಜಿನ ಮೇಲಿತ್ತು. ಬಾಯಿ ಬಿಟ್ಟರೆ ಯಾವುದು ಹೊರಗೆ ಬರುತ್ತದೆಂದು ಗೊತ್ತಿತ್ತು; ಕೊಟ್ಟದ್ದನ್ನು ಮುಮ್ತಾಜ ಕಣ್ಣು ಮುಚ್ಚಿ ತೆಗೆದುಕೊಂಡು ಹೇಳಿಬಿಡುತ್ತಾಳೆ ಎಂಬುದೂ ಗೊತ್ತಿತ್ತು, ಹಾಗೆ ತೆಗೆದುಕೊಳ್ಳಲು ಕಲಿಸಿದವಳು ತಾನೇ. ಬಾಯಿ ಬಿಡುವುದಿಲ್ಲ. ಓಣಿ ನಕ್ಕರೆ ನಗಲಿ, ಹನ್ನೆರಡು ಚಾಪೆ ಖಾಲಿಯಾದರೆ ಆಗಲಿ. ಜಮಖಾನೆಯ ಆಚೆ ಯಾರೋ ಕೆಮ್ಮಿದರು. ಸುಭಾನಸಾಬ, ಎಂದುಕೊಂಡಳು, ಸರಿಯಾದ ಹೊತ್ತಿಗೆ ಎದ್ದು ಬಂದ. ಆ ಗಾಬರಿಯಲ್ಲಿ ಬಾಯಿಯನ್ನು ಕಾಯುತ್ತಿದ್ದವಳು ಕೈಯನ್ನು ಮರೆತಳು. ಹತ್ತು ವರ್ಷದ ರೂಢಿಯ ಕೈ ಬೆರಳಗಂಟಿನಿಂದ ನೆಲಕ್ಕೆ ಕೊಟ್ಟಿತು, ಟಕ್.

ಮೇಮಸಾಬಳ ಬೆನ್ನು ನೆಟ್ಟಗಾಯಿತು. ಟಕ್ ಎಂದರೆ ನಿನ್ನ ಸರದಿ. ಕಣ್ಣು ಮುಚ್ಚಿದಳು, ಒಂದು ಸಲ ಹಿಂದೆ ತೂಗಿದಳು, ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ಅಗಲಿಸಿದಳು. “ಎಸ್...”

ತಟ್ಟೆಯಲ್ಲಿ ಹಂಚಲೆಂದು ಇಟ್ಟ ಬತ್ತಾಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಬಾಯಿಗೆ ಹೇಗೆ ಹೋಯಿತೆಂದು ಜೈನಬಿಗೆ ಆಮೇಲೆ ಎಷ್ಟು ನೆನೆದರೂ ತಿಳಿಯಲಿಲ್ಲ. ಹೋಗಿತ್ತು, ಅಷ್ಟೇ. ಮೇಮಸಾಬಳ ನೀಲಿ ಕಣ್ಣು ತೆರೆದವು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಮೇಮಸಾಬ, ಹೇಳಿದ್ದನ್ನು ಮಾಡುವ ಒಳ್ಳೆಯ ಹುಡುಗಿಯಂತೆ, ಕಚ್ಚಿದಳು. ಆ ಮೌನದಲ್ಲಿ ಬತ್ತಾಸ ಮುರಿದ ಸದ್ದು ಗಂಡಸರ ಕಡೆಗೂ ಕೇಳಿರಬೇಕು. ಮುಮ್ತಾಜ ಬೆಚ್ಚಿಬಿದ್ದು ಹಿಂದೆ ತಿರುಗಿದಳು. ಮೇಮಸಾಬಳ ಉಬ್ಬಿದ ಕೆನ್ನೆ ಕಂಡು, ನಗೆ ಬಂದು, ನಗೆಯನ್ನು ತಡೆಯಲು ಓಢಣಿ ಎಳೆದುಕೊಂಡು, ಅದರೊಳಗಿನಿಂದಲೇ ಎರಡನೆಯ ದಾರಿ ಹಿಡಿದು ಓದು ಮುಂದುವರಿಸಿದಳು. ಸರಿಯಾದ ದಾರಿ. ಹುಡುಗಿಯ ಬಾಯಲ್ಲಿ ಆ ಮಾತು ಕೇಳಿದ ಕೂಡಲೇ ಜೈನಬಿಗೂ ನೆನಪಾಯಿತು. ಅಲ್ಲೇ ಇತ್ತು. ಮೊಳೆಯ ಮೇಲೇ ಇತ್ತು.

ಓದು ಮುಗಿ ಮುಗಿಯುತ್ತಿದ್ದಂತೆ ಜಮಖಾನೆಯ ಆಚೆಯಿಂದ ಹುಸೇನಪೀರರ ದನಿ ಬಂತು.

“ಕೇಳಿದ್ರ್ಯಾ ಎಲ್ಲಾರೂ? ಹುಡುಗಿ ನಿಂತ್ಲು, ಓದಿಸಿದಾಕಿ ತುಟಿ ಬಿಚ್ಚಲಿಲ್ಲ. ತಾನಽ ದಾಟ್ಲಿ ಅಂತ ಬಿಟ್ಲು. ನೆಲಾ ಬಡದು ಎಚ್ಚರಾ ಮಾಡಿದ್ಲು, ಒಂದ ತುತ್ತು ಕೊಡಲಿಲ್ಲ. ಏನ ಗುಂಡಿಗಿ! ನಾವೆಲ್ಲಾ ಕಲತಾಗ ಸಾಲಿಗೊಂದು ಲುಕ್ಮಾ ತಿಂದಾವ್ರು. ಕಮತಗಿಗೆ ಹೇಳಿ ಕಳಸ್ರಿ, ಮುಲ್ಲಾ ಬರೂದು ಬ್ಯಾಡ ಅಂತ.”

ಕಾಸಿಂಬಿ ಇಳಕಲ್ಲಿನ ಸೀರೆ ತಂದು, ನೀಲಿ ಒಡಲು, ಕೆಂಪು ಸೆರಗು, ಜೈನಬಿಯ ಮಡಿಲಿಗೆ ಹಾಕಿದಳು. “ಅವಾಗ ನನ್ನ ಜೀವಾ ಬಾಯಿಗೆ ಬಂದಿತ್ತವಾ. ನಿನ್ನ ಎದಿ ಏನ ಕಲ್ಲೊ!” ಎಂದಳು, ಮೊದಲ ಸಲ ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಸೀರೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಜೈನಬಿ ತಲೆ ತಗ್ಗಿಸಿದಳು. ಅದನ್ನು ವಿನಯವೆಂದುಕೊಂಡು ಹೆಂಗಸರು ಇನ್ನೂ ಹೊಗಳಿದರು. ಹೊಗಳಿದಷ್ಟೂ ತಲೆ ತಗ್ಗುತ್ತಿತ್ತು, ತಗ್ಗಿದಷ್ಟೂ ಹೊಗಳುತ್ತಿದ್ದರು. ನಿಲ್ಲಿಸುವ ದಾರಿ ಕಾಣದೆ ಎದ್ದು ಹಿತ್ತಿಲಿಗೆ ನಡೆದಳು. ಬಾಗಿಲಲ್ಲಿ ಮೇಮಸಾಬ ಅಡ್ಡ ನಿಂತಿದ್ದಳು. ತುಟಿಯ ಅಂಚಿನಲ್ಲಿ ಇನ್ನೂ ಸಕ್ಕರೆಯಿತ್ತು. ಏನನ್ನೋ ಒಳಗೇ ಕೂಡಿಸಿ ಕಳೆದು, ಒಂದೊಂದೇ ಮಾತನ್ನು ಇಡುತ್ತ ಹೇಳಿದಳು:

“ಜೈನಬಿ. ಬತ್ತಾಸ... ನನಗೆ... ಸೇರಿತು.”

ಮೂರು ವರ್ಷಗಳಲ್ಲಿ ಆ ಬಾಯಿಂದ ಅಪ್ಪಣೆಯೂ ಅಲ್ಲದ, ತಕರಾರೂ ಅಲ್ಲದ ಮಾತೊಂದು ಬಂದದ್ದು ಅದೇ ಮೊದಲು. ಜೈನಬಿಗೆ ನಗು ಬಂತು, ಅಳುವೂ ಬಂತು. ಬಂದವರಿಬ್ಬರಿಗೂ ಬಾಗಿಲು ತೆಗೆದು ನಿಂತಳು.

ಹಿತ್ತಿಲ ಬೇವಿನ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತಾಗಿತ್ತು. ಓಢಣಿ ಕಂಕುಳಲ್ಲಿ ಮುದುಡಿಕೊಂಡು ಮುಮ್ತಾಜ ಬಂದಳು. ಒಂಬತ್ತು ವರ್ಷದ ಕಣ್ಣು, ಯಾವುದನ್ನೂ ಬಿಡದ ಕಣ್ಣು.

“ಖಾಲಾ, ಯಾಕ ಕೊಡಲಿಲ್ಲರಿ?”

“ನಿಮ್ಮಜ್ಜಾ ಹೇಳಿದ್ರಲ್ಲ.”

“ಅಜ್ಜಗೇನ ಗೊತ್ತು. ನಿಮ್ಮ ಮುಂದ ನಾ ಕುಂತಿದ್ದೆ. ನೀವು ಬಾಯಿ ತಗದದ್ದು ಕೇಳ್ತು.” ಹುಡುಗಿ ದನಿ ತಗ್ಗಿಸಿದಳು. “ಮರತಿತ್ತೇನ್ರಿ?”

ಜೈನಬಿ ಮಡಿಲಲ್ಲಿದ್ದ ಸೀರೆಯನ್ನು ನೋಡಿದಳು. ಅದನ್ನು ಪಕ್ಕಕ್ಕೆ, ಕಟ್ಟೆಯ ಮೇಲೆ ಇಟ್ಟಳು.

“ಹೂಂ. ಮರತಿತ್ತು.”

ಹುಡುಗಿಯ ಮುಖ ಅರಳಿತು; ತನಗೊಬ್ಬಳು ಗೆಳತಿ ಸಿಕ್ಕಂತೆ. ಹತ್ತಿರ ಬಂದು ಕಟ್ಟೆ ಹತ್ತಿ ಕೂತಳು. ಕಾಲು ಆಡಿಸುತ್ತ, ಬಹಳ ದಿನದಿಂದ ಇಟ್ಟುಕೊಂಡದ್ದನ್ನು ಹೊರಗೆ ತೆಗೆದಳು.

“ಬಾಬುಕಾಕಾ ಹೇಳ್ತಿದ್ದ, ಬಂಗ್ಲೇದಾಗ ನೀವು ಓದೂದಕ್ಕ ಅರ್ಥಾನೂ ಹೇಳ್ತಾರಂತ. ನಮಗ್ಯಾಕ ಹೇಳೂದಿಲ್ಲರಿ?”

ಮಾತಾಡಿದ ಮೇಲೆ ಹುಡುಗಿಯ ಕೈ ತಾನಾಗಿ ಮೊಣಕಾಲನ್ನು ಮುಚ್ಚಿಕೊಂಡಿತು. ಎರಡು ವರ್ಷದ ಹಿಂದೆ ಬೆತ್ತ ಬಿದ್ದ ಜಾಗ. ಮೆಲ್ಲಗೇ ಕೊಟ್ಟದ್ದು ಎಂದು ಜೈನಬಿ ಇಷ್ಟು ದಿನ ನಂಬಿದ್ದಳು. ಆ ಪುಟ್ಟ ಕೈಯನ್ನೇ ನೋಡುತ್ತ ಕೂತಳು. ಒಳಗೆ ಹೆಂಗಸರ ನಗೆ, ತಟ್ಟೆಗಳ ಸದ್ದು, ಕುರ್ಚಿ ಹೊತ್ತು ಹೋಗುತ್ತಿದ್ದ ಬಾಬುಸಾಬನ ಗೊಣಗಾಟ.

“ನನಗೂ ಗೊತ್ತಿಲ್ಲವಾ,” ಎಂದಳು. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಒಂದು ಬೇವಿನ ಎಲೆ ಬಿತ್ತು. “ಒಂದಽ ಒಂದು ಗೊತ್ತೈತಿ.”

ಸೆರಗಿನ ತುದಿ ಹುಡುಕಿದಳು. ಗಂಟು ಹಳೆಯದಾಗಿ ಬಿಗಿದಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ಬೀಜವನ್ನು ಮುಮ್ತಾಜಳ ಅಂಗೈಯಲ್ಲಿಟ್ಟಳು.

“ದಿನಾ ಓದ್ತೀಯಲ್ಲ, ಝೈತೂನ. ಅದಽ ಇದು.”

ಹುಡುಗಿ ಅದನ್ನು ಹೊರಳಿಸಿ ನೋಡಿದಳು, ಮೂಸಿ ನೋಡಿದಳು. ಜೈನಬಿ ಬೇಡವೆನ್ನುವಷ್ಟರಲ್ಲಿ ನಾಲಗೆಯ ತುದಿಗೆ ಮುಟ್ಟಿಸಿದಳು. ಮುಖ ಹಿಂಡಿದಳು.

“ಉಪ್ಪ ಐತಿ!”

“ಹೌದು. ಉಪ್ಪಽ.”

ಮುಮ್ತಾಜ ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ ಇನ್ನೊಂದು ಕೈಯ ಬೆರಳಗಂಟಿನಿಂದ, ನಾಲ್ಕು ವರ್ಷ ದಿನವೂ ಕೇಳಿದ ಹಾಗೆಯೇ, ಕಟ್ಟೆಯ ಕಲ್ಲಿಗೆ ಒಂದು ಪೆಟ್ಟು ಕೊಟ್ಟಳು, ಟಕ್.

“ಮುಂದಿಂದು?” ಎಂದಳು.